ವಾಕಿಂಗ್‌ಗೆ ಫೋನ್ ಬಿಟ್ಟು ಪುಟ್ಟ ಎಂಪಿ3 ಪ್ಲೇಯರ್: ಈಗಲೂ ಯಾರಾದ್ರೂ ಬಳಸ್ತಿದ್ದೀರಾ?

ಕೆರೆದಡ, ಮೈಸೂರು

ಎಲ್ಲರಿಗೂ ನಮಸ್ಕಾರ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಬಿರುಸು ನಡಿಗೆ, ನಡುನಡುವೆ ಚೂರು ಓಟ. ಇಷ್ಟೇ ನನ್ನ ವ್ಯಾಯಾಮ. ತೊಂದರೆ ಇರೋದು ಫೋನ್‌ದು. ಟ್ರ್ಯಾಕ್ ಪ್ಯಾಂಟ್ ಜೇಬಲ್ಲಿಟ್ರೆ ಪ್ಯಾಂಟೇ ಒಂದು ಕಡೆ ಜಗ್ಗುತ್ತೆ, ಓಡುವಾಗ ತೊಡೆಗೆ ಬಡಿಯುತ್ತೆ. ತೋಳಿಗೆ ಕಟ್ಟೋ ಪಟ್ಟಿ ಬೆವರಿಗೆ ಜಾರುತ್ತೆ. ಅದಕ್ಕಿಂತ ದೊಡ್ಡ ಕಾಟ ಹಾಡಿನ ಮಧ್ಯೆ ಟಿಣ್ ಅನ್ನೋ ಮೆಸೇಜು. ನೋಡಬಾರದು ಅಂದ್ಕೊಂಡ್ರೂ ಕೈ ಹೋಗೇ ಹೋಗುತ್ತೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನಡೀತಿರೋ ನೀರಿನ ಟ್ಯಾಂಕರ್ ಜಗಳ ಓದ್ತಾ ನಿಂತ್ರೆ ಅವತ್ತಿನ ವಾಕಿಂಗ್ ಅಲ್ಲಿಗೆ ಮುಗೀತು.

ಹಾಗಾಗಿ ಬಟ್ಟೆಗೆ ಸಿಕ್ಕಿಸ್ಕೊಳ್ಳೋ ಹಳೇ ಥರದ ಪ್ಲೇಯರ್ ತಗೊಳ್ಳೋಣ ಅಂತಿದ್ದೀನಿ. ಈಗಲೂ ಸಿಗ್ತಾವಾ? ಎಫ್‌ಎಂ ಬೇಕೇ ಬೇಕು. ಹಾಡಿನ ಹೆಸರು ಕನ್ನಡದಲ್ಲಿ ಕಾಣಿಸಿದ್ರೆ ಇನ್ನೂ ಖುಷಿ. ಬ್ಲೂಟೂತ್ ಇದ್ರೂ ಸರಿ, ಇಲ್ಲದಿದ್ರೂ ಸರಿ. ತಮ್ಮ ಕೊಟ್ಟಿದ್ದ ಐಪಾಡ್ ಶಫಲ್ ಒಂದು ಬೀರುವಿನಲ್ಲಿದೆ, ಆದ್ರೆ ಎರಡು ಹಾಡಿಗೇ ಬ್ಯಾಟರಿ ಮುಗಿಯುತ್ತೆ. ಅದನ್ನೇ ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಸರ್ಕ್ಯೂಟ್ ಸ್ವಾಮಿ, ಬೆಂಗಳೂರು

ಶಫಲ್ ಯಾವ ಆಕಾರದ್ದು ಮೇಡಂ? ಉದ್ದಕ್ಕಿದ್ದು, ಮುಚ್ಚಳ ತೆಗೆದ್ರೆ ಒಳಗೆ ಯುಎಸ್‌ಬಿ ಪಿನ್ ಇದ್ರೆ ಅದು 2005ರ ಮೊದಲ ಮಾಡೆಲ್. ಹಿಂದೆ ಕ್ಲಿಪ್, ಮುಂದೆ ದುಂಡಗಿನ ಬಟನ್ ಇದ್ರೆ 2006ರದ್ದು ಅಥವಾ 2010ರದ್ದು. ಮೈ ಮೇಲೆ ಬಟನ್ನೇ ಇಲ್ಲದೆ ಇಯರ್‌ಫೋನ್ ವೈರಿನಲ್ಲಿ ಬಟನ್ ಇದ್ರೆ 2009ರದ್ದು. ಆ ವೈರ್ ಹೋಗಿ ಮಾಮೂಲಿ ಇಯರ್‌ಫೋನ್ ಹಾಕಿದ್ರೆ ವಾಲ್ಯೂಮ್ ಕೂಡ ಹೆಚ್ಚು ಕಡಿಮೆ ಮಾಡಕ್ಕಾಗಲ್ಲ, ಅಂಥಾ ಜಾಣತನದ ವಿನ್ಯಾಸ ಅದು! 2010ರದ್ದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು. 12.5 ಗ್ರಾಂ ತೂಕ, 2 ಜಿಬಿ, ಕತ್ತಲಲ್ಲೂ ಕೈಗೆ ಸಿಗೋ ಬಟನ್. ಜುಲೈ 2017ರಲ್ಲಿ ಶಫಲ್, ನ್ಯಾನೋ ಎರಡನ್ನೂ ಆಪಲ್ ನಿಲ್ಲಿಸ್ತು. ಮೇ 2022ರಲ್ಲಿ ಐಪಾಡ್ ಟಚ್ ಕೂಡ ಹೋಯ್ತು.

ರಿಪೇರಿಗೆ ದುಡ್ಡು ಹಾಕಬೇಡಿ. ಬ್ಯಾಟರಿ ಒಳಗೆ ಬೆಸುಗೆ ಹಾಕಿರ್ತಾರೆ, ಬಿಚ್ಚಿದ್ರೆ ಮೊದಲಿನ ಹಾಗೆ ಮುಚ್ಚೋದು ಕಷ್ಟ. ಜತೆಗೆ ಹಾಡು ತುಂಬಕ್ಕೆ ಕಂಪ್ಯೂಟರಲ್ಲಿ ಆಪಲ್‌ನ ಐಟ್ಯೂನ್ಸ್ ತಂತ್ರಾಂಶ ಬೇಕು, ಚಾರ್ಜ್ ಮಾಡಕ್ಕೆ ಅದರದ್ದೇ ಕೇಬಲ್ ಬೇಕು.

ಹೊಸದು ಬೇಕಂದ್ರೆ ಎರಡು ದಾರಿ. ಸ್ಯಾನ್‌ಡಿಸ್ಕ್ ಕ್ಲಿಪ್ ಸರಣಿ 2007ರಿಂದ ಇದೆ. ಅದರಲ್ಲಿ ಕ್ಲಿಪ್ ಜ್ಯಾಮ್, ಕ್ಲಿಪ್ ಸ್ಪೋರ್ಟ್ ಎರಡಕ್ಕೂ ಎಫ್‌ಎಂ ಇದೆ, ಮೆಮೊರಿ ಕಾರ್ಡ್ ಕಿಂಡಿ ಇದೆ. ಅಂಗಡಿಯಲ್ಲಿ ಕೇಳಿದ್ರೆ ಹುಡುಗರು ನಿಮ್ಮ ಮುಖ ನೋಡ್ತಾರೆ, ಆನ್‌ಲೈನಲ್ಲೇ ಹುಡುಕಬೇಕು. ಇನ್ನೊಂದು ದಾರಿ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಲ್ಲಿ ರಾಶಿ ಬಿದ್ದಿರೋ ಹೆಸರಿಲ್ಲದ ಚೀನಾ ಮಾಲು. ಅವು ಎಲ್ಲಾ ಕೆಟ್ಟವಲ್ಲ. ತಗೊಳ್ಳೋ ಮುಂಚೆ ಅಂಗಡೀಲೇ ಹಾಡು ಹಾಕಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ನಿಲ್ಲಿಸಿದ ಕಡೆಯಿಂದ ಶುರುವಾಯ್ತಾ ನೋಡಿ. ಆಮೇಲೆ ಕಣ್ಣು ಮುಚ್ಕೊಂಡು ವಾಲ್ಯೂಮ್ ಇಳಿಸಿ, ಮುಂದಿನ ಹಾಡಿಗೆ ಹೋಗಿ. ಕೈಗೆ ಬಟನ್ ತಿಳೀಲಿಲ್ಲ ಅಂದ್ರೆ ಆ ಪ್ಲೇಯರ್ ಓಡೋರಿಗಲ್ಲ. ಟಚ್ ಸ್ಕ್ರೀನ್ ಇರೋದು ಬೇಡವೇ ಬೇಡ, ಬೆವರಿನ ಬೆರಳಿಗೆ ಅದು ಮಾತು ಕೇಳಲ್ಲ.

ಜಾಗದ ಚಿಂತೆ ಬೇಡ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಅಂದ್ರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. ಐದು ನಿಮಿಷದ ಹಾಡು 5 ಎಂಬಿ. 4 ಜಿಬಿಯಲ್ಲಿ 800 ಹಾಡು ಹಿಡಿಯುತ್ತೆ.

ಎಫ್‌ಎಂ ಬಗ್ಗೆ ಒಂದು ಮಾತು. ಈ ಪುಟ್ಟ ಪ್ಲೇಯರ್‌ಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಇಟ್ಕೊಂಡು ಸ್ಟೇಷನ್ ಬರ್ತಿಲ್ಲ ಅಂದ್ರೆ ತಪ್ಪು ಪ್ಲೇಯರ್‌ದಲ್ಲ. ಏನೇ ಆಗ್ಲಿ, ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಊರಲ್ಲಿದ್ದೀರಿ, ಮೈಸೂರು ಆಕಾಶವಾಣಿಯ 100.6 ಎಫ್‌ಎಂ ಬರದ ಪ್ಲೇಯರ್ ತಗೋಬೇಡಿ.

ಧಾರವಾಡದಾಂವ

ಅಲ್ರೀ, ಫೋನ್ ಅಂತೂ ಕೈಯಾಗ ಐತಿ. ಹಾಡು ಡೌನ್‌ಲೋಡ್ ಮಾಡಿ ಇಟಗೋರಿ, ಏರೋಪ್ಲೇನ್ ಮೋಡ್ ಹಾಕ್ರಿ, ಮುಗೀತು. ಸುಮ್ನ ರೊಕ್ಕಾ ಯಾಕ ಕಳೀತೀರಿ? ನಾ ಸಾಧನಕೇರಿ ಕಡೆ ಹಂಗ ಅಡ್ಡಾಡತೀನಿ, ಏನೂ ತ್ರಾಸ ಇಲ್ಲ.

ಕೆರೆದಡ

ಏರೋಪ್ಲೇನ್ ಮೋಡ್ ಹಾಕಿದ್ರೆ ಫೋನ್ ಒಯ್ಯೋದು ಯಾಕೆ ಸರ್? ಇನ್ನೂ ಮಬ್ಬುಗತ್ತಲು ಇರುವಾಗ್ಲೇ ಮನೆ ಬಿಡ್ತೀನಿ. ಮನೇಲಿ ವಯಸ್ಸಾದ ಅತ್ತೆ ಇದ್ದಾರೆ. ಕರೆ ಬಂದ್ರೆ ನನಗೆ ಗೊತ್ತಾಗಬೇಕು, ನನಗೇನಾದ್ರೂ ಆದ್ರೆ ನಾನೂ ಕರೆ ಮಾಡಬೇಕು. ಫೋನ್ ಸೊಂಟದ ಚೀಲದಲ್ಲಿ ಜಿಪ್ ಎಳೆದು ಕೂತಿರಲಿ, ಹಾಡಿಗೆ ಬೇರೆ ಯಂತ್ರ ಇರಲಿ ಅನ್ನೋದು ನನ್ನ ಆಸೆ.

ಧಾರವಾಡದಾಂವ

ಹಂಗಂದ್ರ ಖರೇ ಐತಿ ಬಿಡ್ರಿ ಅಕ್ಕಾರ. ಮನಿ ಮಂದಿ ಫೋನ್ ಅಷ್ಟ ಬರೂಹಂಗ ಸೆಟ್ಟಿಂಗ್ ಮಾಡಾಕ ಬರತೈತಿ, ಆದ್ರ ವಜ್ಜಾ ಕಡಿಮಿ ಆಗಂಗಿಲ್ಲ. ಮ್ಯಾಲ ಹಾಡು ಬದಲಿ ಮಾಡಾಕ ತಗದಾಗ ಮೆಸೇಜ್ ಕಾಣತಾವ ನೋಡ್ರಿ, ಅಲ್ಲೇ ಎಡವಟ್ಟು.

ಹಸಿರು ಹಾದಿ

ಯಾವುದೂ ಬೇಡ ಅಂತೀನಿ ನಾನು. ಕುಕ್ಕರಹಳ್ಳಿಯಂಥ ಜಾಗದಲ್ಲಿ ಕಿವಿ ಮುಚ್ಕೊಂಡು ನಡೆಯೋದು ಪಾಪ. ಹೆಜ್ಜಾರ್ಲೆಗಳ ದನಿ ಕೇಳ್ತಾ ನಡೀರಿ, ಯಾವ ಹಾಡೂ ಬೇಕಾಗಲ್ಲ.

ಕೆರೆದಡ

ದೊಡ್ಡ ಹೆಜ್ಜಾರ್ಲೆ ಹೆಚ್ಚು ಕಮ್ಮಿ ಮೂಕಹಕ್ಕಿ ಸರ್, ಕೂಗಾಟ ಎಲ್ಲಾ ಗೂಡಲ್ಲಿರೋ ಮರಿಗಳದ್ದು. ಹಕ್ಕಿ ಕೇಳಬೇಕು ಅನ್ನಿಸಿದ ದಿನ ಇಯರ್‌ಫೋನ್ ತೆಗೀತೀನಿ. ಹುಣಸೂರು ರಸ್ತೆ ಕಡೆ ತಿರುಗಿದ ಮೇಲೆ ಕೇಳ್ಸೋದು ಬಸ್ಸಿನ ಹಾರನ್, ಅದಕ್ಕಿಂತ ಹಾಡೇ ವಾಸಿ.

ಕಡಲತಡಿ, ಉಡುಪಿ

ನಮ್ಮ ಕಡೆ ವಾಕಿಂಗಿಗೆ ಹಾಡಿಗಿಂತ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಕೇಳುವವರು ಬಹಳ ಮಂದಿ ಇದ್ದಾರೆ ಮಾರಾಯ್ರೆ. ನಾನೂ ಅದೇ ಗುಂಪು. ಒಂದು ಪ್ರಸಂಗ ಮೂರು ಗಂಟೆ ಉಂಟು, ದಿನಕ್ಕೆ ಮುಕ್ಕಾಲು ಗಂಟೆಯಂತೆ ಕೇಳಿದರೆ ನಾಲ್ಕು ಬೆಳಗಿಗೆ ಆಯಿತು. ಇದರಲ್ಲಿ ಒಂದು ಮಜಾ ಉಂಟು. ಭಾಗವತರು ಪದ ಎತ್ತಿಕೊಂಡು ಮದ್ದಳೆ ಸೇರಿದ ಕೂಡಲೇ ಕಾಲು ತಾನಾಗಿ ಬಿರುಸಾಗುತ್ತದೆ. ಪದ ಮುಗಿದು ಅರ್ಥಧಾರಿಗಳು ಮಾತಿಗೆ ಇಳಿದರೆ ನಿಧಾನ. ಎದುರಾಳಿ ಪಾತ್ರದವರು ಸವಾಲು ಹಾಕಿದರೆ ಮತ್ತೆ ಜೋರು. ಮೊನ್ನೆ ಕೃಷ್ಣ ಸಂಧಾನಕ್ಕೆ ಹೋದ ಭಾಗ ಕೇಳುತ್ತಾ ನಮ್ಮ ಗೇಟು ದಾಟಿ ಹೋದದ್ದೇ ತಿಳಿಯಲಿಲ್ಲ.

ಆದರೆ ಇಂಥ ಉದ್ದದ ಫೈಲಿಗೆ ಅಗ್ಗದ ಪ್ಲೇಯರ್ ಆಗುವುದಿಲ್ಲ. ಆಫ್ ಮಾಡಿದರೆ ಮತ್ತೆ ಗಣಪತಿ ಸ್ತುತಿಯಿಂದಲೇ ಶುರು. ಎರಡು ಗಂಟೆ ಮುಂದಕ್ಕೆ ಬಟನ್ ಒತ್ತಿ ಹಿಡಿಯುವಾಗ ಹೆಬ್ಬೆರಳು ಸೋಲುತ್ತದೆ. ಸ್ಯಾನ್‌ಡಿಸ್ಕ್‌ನಲ್ಲಿ ಆಡಿಯೋಬುಕ್ಸ್ ಅಂತ ಒಂದು ಫೋಲ್ಡರ್ ಇರುತ್ತದಲ್ಲ, ಅದರೊಳಗೆ ಹಾಕಿದರೆ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುತ್ತದೆ. ಬೇರೆಯವುಗಳಿಗಾದರೆ ಫೈಲನ್ನು ಹದಿನೈದು ನಿಮಿಷದ ತುಂಡು ಮಾಡಿಕೊಳ್ಳಿ. ಎಂಪಿ3ಡೈರೆಕ್ಟ್‌ಕಟ್ ಎಂಬ ಸಣ್ಣ ತಂತ್ರಾಂಶ ಉಂಟು, ಮತ್ತೆ ಕುಗ್ಗಿಸದೆ ಇದ್ದ ಹಾಗೇ ಕತ್ತರಿಸುವುದರಿಂದ ದನಿ ಹಾಳಾಗುವುದಿಲ್ಲ.

ಒಂದು ಸಂಶಯ ನನ್ನದೂ ಉಂಟು. ತುಂಡುಗಳಿಗೆ 01, 02 ಅಂತ ಹೆಸರು ಕೊಟ್ಟರೂ ನನ್ನ ಪ್ಲೇಯರ್ 04 ಆದ ಮೇಲೆ 01 ನುಡಿಸುತ್ತದೆ. ದುರ್ಯೋಧನ ಸತ್ತು ಮತ್ತೆ ಎದ್ದು ಬರುತ್ತಾನೆ.

ಸರ್ಕ್ಯೂಟ್ ಸ್ವಾಮಿ

ಅಗ್ಗದ ಪ್ಲೇಯರ್‌ಗಳು ಹೆಸರು ನೋಡಲ್ಲ ಸರ್, ಕಾರ್ಡಿಗೆ ಯಾವುದು ಮೊದಲು ಹೋಯ್ತೋ ಅದನ್ನ ಮೊದಲು ಹಾಡ್ತಾವೆ. ಎಲ್ಲಾ ಒಟ್ಟಿಗೆ ಎಳೆದು ಹಾಕಿದ್ರೆ ಕಂಪ್ಯೂಟರ್ ತನಗೆ ತೋಚಿದ ಕ್ರಮದಲ್ಲಿ ಬರೆಯುತ್ತೆ. ಫೋಲ್ಡರ್ ಖಾಲಿ ಮಾಡಿ ಒಂದೊಂದಾಗಿ ಹಾಕಿ. ಬೇಜಾರು ಅನ್ನಿಸಿದ್ರೆ ಫ್ಯಾಟ್‌ಸಾರ್ಟ್ ಅನ್ನೋ ಪ್ರೋಗ್ರಾಂ ಇದೆ, ಕಾರ್ಡಿನ ಪಟ್ಟಿಯನ್ನ ಹೆಸರಿನ ಪ್ರಕಾರ ಜೋಡಿಸಿಕೊಡುತ್ತೆ. ದುರ್ಯೋಧನ ಸತ್ತವನು ಸತ್ತೇ ಇರ್ತಾನೆ.

ಖಾಕಿ ಕನಸು, ಗದಗ

ನಮಸ್ಕಾರ್ರೀ ಎಲ್ಲಾರಿಗೂ. ನಾ ಪೊಲೀಸ್ ಕಾನ್‌ಸ್ಟೇಬಲ್ ತಯಾರಿ ಮಾಡಾಕತ್ತೀನಿ. 1600 ಮೀಟರ್ 6 ನಿಮಿಷ 30 ಸೆಕೆಂಡಿನ್ಯಾಗ ಮುಗಸಬೇಕು. ಹಾಡು ಕೇಳಕೋತ ಓಡಿದ್ರ ದಣಿವು ಗೊತ್ತಾಗಂಗಿಲ್ಲ, ಹಾಡು ಇಲ್ಲಂದ್ರ ಮೂರನೇ ರೌಂಡಿಗೆ ಕಾಲು ಬರಂಗಿಲ್ಲ. ಗೆಳೆಯಾರು ಡೊಳ್ಳಿನ ರೆಕಾರ್ಡಿಂಗ್ ಹಾಕ್ಕೊಂಡು ಓಡು ಅಂತಾರ. ಎಷ್ಟು ಸ್ಪೀಡಿನ ಹಾಡು ಹಾಕ್ಕೋಬೇಕು? ಸಣ್ಣ ಪ್ಲೇಯರ್ ತಗೊಂಡ್ರ ಉಪಯೋಗ ಆಗತೈತೇನು?

ಪಿಟಿ ಮೇಷ್ಟ್ರು, ಹಾಸನ

ತಮ್ಮಾ, ಮೊದಲು ಲೆಕ್ಕ ನೋಡು. 6 ನಿಮಿಷ 30 ಸೆಕೆಂಡ್ ಅಂದರೆ 390 ಸೆಕೆಂಡ್. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97.5 ಸೆಕೆಂಡ್. ನಿನ್ನ ಮೂರನೇ ಸುತ್ತು ಕೆಡುವುದು ಹಾಡು ಇಲ್ಲದ್ದಕ್ಕಲ್ಲ, ಮೊದಲ ಸುತ್ತು 80ರಲ್ಲಿ ಮುಗಿಸಿರುತ್ತೀಯ, ಅದಕ್ಕೆ. ಗಡಿಯಾರ ಹಾಕಿ ನೋಡು, ಆಮೇಲೆ ಬಂದು ಹೇಳು.

ಹಾಡಿನಿಂದ ಅನುಕೂಲ ಇರುವುದು ನಿಜ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಾಗಿಯೋರ್ಗಿಸ್ ಎಂಬ ಕ್ರೀಡಾ ಮನೋವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಸಾಧಾರಣ ಬಿರುಸಿನ ವ್ಯಾಯಾಮದಲ್ಲಿ ಹಾಡು ಗಮನವನ್ನು ದಣಿವಿನಿಂದ ಆಚೆ ಎಳೆಯುತ್ತದೆ, ಅದೇ ಕೆಲಸ ಹಗುರ ಅನ್ನಿಸುತ್ತದೆ. ಇದಕ್ಕೆ ನಿಮಿಷಕ್ಕೆ 120ರಿಂದ 140 ತಾಳದ ಹಾಡುಗಳು ಹೊಂದುತ್ತವೆ. ಆದರೆ ಉಸಿರು ಮೇಲುಸಿರಾಗುವಷ್ಟು ಜೋರಾದಾಗ ಈ ಆಟ ನಡೆಯುವುದಿಲ್ಲ. ಎದೆ, ಕಾಲು ಕೂಗುವ ಕೂಗು ಹಾಡನ್ನು ಮೀರಿಸುತ್ತದೆ. 1600 ಮೀಟರಿನ ಕೊನೆಯ ಸುತ್ತು ಅಂಥದ್ದು.

ಲಯಕ್ಕೆ ಹೆಜ್ಜೆ ಕೂಡಿಸಿ ಓಡುವುದು ಬೇರೆ ವಿದ್ಯೆ. ಇಥಿಯೋಪಿಯದ ಹೈಲೆ ಗೆಬ್ರೆಸೆಲಾಸಿ 1998ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ತನಗೆ ಬೇಕಾದ ಪಾಪ್ ಹಾಡು ಹಾಕಿಸಿಕೊಂಡಿದ್ದ. ಅದರ ತಾಳ ಅವನ ಹೆಜ್ಜೆಗೆ ಸರಿಹೊಂದುತ್ತಿತ್ತು. ನೀನೂ ನಿನ್ನ ಹೆಜ್ಜೆ ಅಳೆದುಕೋ. ಹದವಾಗಿ ಓಡುವಾಗ ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 170 ಬಂದರೆ ನಿಮಿಷಕ್ಕೆ 85 ತಾಳದ ಹಾಡು ಸಾಕು, ಒಂದು ತಾಳಕ್ಕೆ ಎರಡು ಹೆಜ್ಜೆ. ನಮ್ಮ ಜನಪದ ಗೀತೆಗಳಲ್ಲಿ ಇಂಥವು ಬೇಕಾದಷ್ಟಿವೆ, ಕಿವಿಯಿಂದಲೇ ಹುಡುಕಬಹುದು.

ಡೊಳ್ಳು ಮಾತ್ರ ಬೇಡ. ಡೊಳ್ಳು ಕುಣಿತದ ಸೊಗಸೇ ಲಯ ಏರುತ್ತಾ ಹೋಗುವುದು. ಅದನ್ನು ನಂಬಿ ಹೊರಟ ಹುಡುಗರು ತಾಳದ ಹಿಂದೆ ಓಡಿ ಅರ್ಧದಲ್ಲೇ ಸೊಂಟ ಹಿಡಿದು ನಿಲ್ಲುವುದನ್ನು ನಮ್ಮ ಮೈದಾನದಲ್ಲಿ ಕಂಡಿದ್ದೇನೆ. ಉಡುಪಿಯವರು ಹೇಳಿದ ತಾಳಮದ್ದಳೆ ಉಪಾಯ ನಿನಗೆ ವಾಸಿ, ಅದರಲ್ಲಿ ಜೋರು ನಿಧಾನ ಎರಡೂ ಸರದಿಯ ಮೇಲೆ ಬರುತ್ತವೆ.

ಪರೀಕ್ಷೆಯ ದಿನ ಕಿವಿಗೆ ಏನೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮದಲ್ಲೂ ಸ್ಪರ್ಧೆಯ ಜಾಗದಲ್ಲಿ ರೇಡಿಯೋ, ಪ್ಲೇಯರ್, ಫೋನ್ ಇಟ್ಟುಕೊಂಡರೆ ಹೊರಗಿನ ಸಹಾಯ ಪಡೆದ ಲೆಕ್ಕ. ನಿಧಾನ ಓಟದ ದಿನ ಹಾಡು ಕೇಳು, ವೇಗದ ಓಟದ ದಿನ ಪ್ಲೇಯರ್ ಮನೆಯಲ್ಲಿರಲಿ. ನಿನ್ನ ಉಸಿರಿನ ಸದ್ದು ನಿನಗೆ ಗುರುತಾಗಬೇಕು.

ಖಾಕಿ ಕನಸು

ಸರ್, ಇವತ್ತ ಗಡಿಯಾರ ಹಚ್ಚಿ ನೋಡಿದೆ. ಫಸ್ಟ್ ರೌಂಡ್ 82, ಮೂರನೇದು 108. ನೀವು ಹೇಳಿದ್ದ ಬರೋಬ್ಬರಿ ಐತಿ. ಡೊಳ್ಳು ಡಿಲೀಟ್ ಮಾಡೇನಿ.

ಸ್ಯಾಂಕಿ ಸುತ್ತು, ಬೆಂಗಳೂರು

ಎಲ್ಲರೂ ಯಂತ್ರದ ಬಗ್ಗೆ ಹೇಳ್ತಿದ್ದೀರಿ, ರಸ್ತೆ ಬಗ್ಗೆ ಯಾರೂ ಹೇಳ್ತಿಲ್ಲ. ಕೆರೆ ಏರಿ ಮೇಲೆ, ಸ್ಟೇಡಿಯಂ ಒಳಗೆ, ವಾಹನ ಬಿಡದ ಭಾನುವಾರದ ಕಬ್ಬನ್ ಪಾರ್ಕಲ್ಲಿ ಎರಡೂ ಕಿವಿಗೆ ಹಾಕ್ಕೊಂಡ್ರೆ ನಡೆಯುತ್ತೆ. ಮನೆಯಿಂದ ಅಲ್ಲಿಗೆ ಹೋಗೋ ದಾರೀಲಿ ಖಂಡಿತ ಬೇಡ. ಎಲೆಕ್ಟ್ರಿಕ್ ಸ್ಕೂಟರ್ ಹಿಂದೆ ಬಂದದ್ದು ಬರಿಗಿವಿಗೇ ಕೇಳ್ಸಲ್ಲ. ಬೀದಿನಾಯಿ ಗುರ್ ಅಂದಾಗ ಅಲ್ಲೇ ನಿಂತು ನಿಧಾನ ಮಾಡಿದ್ರೆ ಸಾಮಾನ್ಯವಾಗಿ ಸುಮ್ಮನಾಗ್ತಾವೆ. ಹಾಡಿನ ಗುಂಗಲ್ಲಿ ಆ ಗುರ್ ಕೇಳಿಸದೆ ಅವುಗಳ ಜಾಗಕ್ಕೆ ಓಡ್ಕೊಂಡು ನುಗ್ಗಿದ್ರೆ ಅಟ್ಟಿಸ್ಕೊಂಡು ಬರದೇ ಇರ್ತಾವಾ? ಸರಗಳ್ಳರ ವಿಷಯ ಹೆಣ್ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಫುಟ್‌ಪಾತ್ ಇಲ್ಲದ ರಸ್ತೆ ಆದ್ರೆ ಬಲಗಡೆ ನಡೀರಿ, ಎದುರಿಂದ ಬರೋ ಗಾಡಿ ಕಣ್ಣಿಗೆ ಕಾಣುತ್ತೆ. ರಸ್ತೆ ಕಡೆಗಿರೋ ಕಿವಿ ಖಾಲಿ ಇಟ್ಟು ಇನ್ನೊಂದಕ್ಕೆ ಮಾತ್ರ ಇಯರ್‌ಫೋನ್. ನಾನು ಹಾಗೇ ಮಾಡ್ತೀನಿ. ಆದ್ರೆ ಹಳೇ ಹಾಡುಗಳು ಒಂದೇ ಕಿವೀಲಿ ಕೇಳಿದ್ರೆ ಕೆಲವು ಸಲ ಹಾಡೋರ ದನಿಯೇ ಇರಲ್ಲ, ಬರೀ ತಬಲಾ ಪಿಟೀಲು. ಯಾಕೆ ಹಾಗೆ?

ಸರ್ಕ್ಯೂಟ್ ಸ್ವಾಮಿ

ಸ್ಟೀರಿಯೋ ಹೊಸದಾಗಿ ಬಂದ ಕಾಲದ ಕೆಲವು ರೆಕಾರ್ಡಿಂಗಲ್ಲಿ ದನಿ ಒಂದು ಕಡೆ, ವಾದ್ಯ ಇನ್ನೊಂದು ಕಡೆ ಅಂತ ಪೂರ್ತಿ ಹಂಚಿಬಿಡ್ತಿದ್ರು. ಯುಗಳಗೀತೆ ಆದ್ರೆ ನಾಯಕ ಎಡಗಿವೀಲಿ, ನಾಯಕಿ ಬಲಗಿವೀಲಿ. ಒಂದೇ ಕಿವಿಗೆ ಹಾಕ್ಕೊಂಡ್ರೆ ಯಾರೋ ಒಬ್ಬರು ನಾಪತ್ತೆ. ಫೋನ್ ಸೆಟ್ಟಿಂಗಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಅಂತ ಇರುತ್ತೆ, ಅದು ಎರಡೂ ಕಡೆಯ ಸದ್ದು ಕೂಡಿಸಿ ಎರಡು ಕಿವಿಗೂ ಒಂದೇ ಥರ ಕೊಡುತ್ತೆ. ಪುಟ್ಟ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಸ್ಯಾನ್‌ಡಿಸ್ಕ್‌ದೇ ಹಳೇ ಸ್ಯಾನ್ಸಾ ಕ್ಲಿಪ್ ಪ್ಲಸ್, ಕ್ಲಿಪ್ ಜಿಪ್ ಸಿಕ್ಕಿದ್ರೆ ರಾಕ್‌ಬಾಕ್ಸ್ ಅನ್ನೋ ಉಚಿತ ತಂತ್ರಾಂಶ ಹಾಕಿ, ಅದರಲ್ಲಿ ಮೋನೋ ಇದೆ. ಇಲ್ಲಾಂದ್ರೆ ಆಡಾಸಿಟಿ ಅನ್ನೋ ಆಡಿಯೋ ತಿದ್ದೋ ತಂತ್ರಾಂಶದಲ್ಲಿ ಹಾಡನ್ನೇ ಮೋನೋ ಮಾಡಿ ತುಂಬ್ಕೊಳ್ಳಿ. ವಾಕಿಂಗಿಗೆ ಅಂತ ಬೇರೆ ಫೋಲ್ಡರ್ ಇಟ್ಕೊಂಡ್ರಾಯ್ತು, ಮೂಲ ಹಾಗೇ ಇರಲಿ.

ಕಿವಿಮಾತು, ಶಿವಮೊಗ್ಗ

ಶ್ರವಣ ಪರೀಕ್ಷೆ ಮಾಡೋದೇ ನನ್ನ ವೃತ್ತಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ದನಿ 3 ಡೆಸಿಬಲ್ ಏರಿದ್ರೆ ಹೊತ್ತು ಅರ್ಧಕ್ಕೆ ಇಳಿಯುತ್ತೆ. ಹಾಗೇ ಏರ್ತಾ 90 ಡೆಸಿಬಲ್‌ಗೆ ಬಂದ್ರೆ ವಾರಕ್ಕೆ ಬರೀ 4 ಗಂಟೆ. ದಿನಾ ಒಂದು ಗಂಟೆ ಜಿಮ್ಮಿಗೆ ಹೋಗೋನು ಆ ಮಟ್ಟದಲ್ಲಿ ಕೇಳಿದ್ರೆ ಗುರುವಾರಕ್ಕೇ ಅವನ ಪಾಲು ಮುಗೀತು. ಜಿಮ್ಮಿನ ಸ್ಪೀಕರ್ ಬೇರೆ ಕೂಗ್ತಿರುತ್ತೆ, ಅದನ್ನ ಮೀರಿಸೋಕೆ ಇವನು ತನ್ನ ವಾಲ್ಯೂಮ್ ಏರಿಸ್ತಾನೆ. ಕಿವಿ ಹಾಳಾಗೋದು ಹೀಗೇ. ಸದ್ದಿರೋ ಕಡೆ ವಾಲ್ಯೂಮ್ ಏರಿಸಿ, ಸದ್ದಿಲ್ಲದ ಕಡೆ ಬಂದ ಮೇಲೂ ಇಳಿಸಲ್ಲ ಯಾರೂ.

ಪ್ಲೇಯರ್‌ನಲ್ಲಿ ಡೆಸಿಬಲ್ ತೋರ್ಸಲ್ಲ. ಹಾಗಾಗಿ ಮನೇಲಿ, ಸದ್ದಿಲ್ಲದ ಕೋಣೇಲಿ ಕೂತು ಹಾಡು ಹಿತವಾಗೋ ಮಟ್ಟ ಇಟ್ಕೊಂಡು ಹೊರಡಿ, ದಾರೀಲಿ ಮುಟ್ಟಬೇಡಿ. ಒಂದು ಮಾರು ದೂರದಲ್ಲಿ ನಿಂತೋರು ಮಾಮೂಲಿ ದನೀಲಿ ಮಾತಾಡಿದ್ದು ಕೇಳ್ಸಲಿಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ ಲೆಕ್ಕ. ವಾಕಿಂಗ್ ಮುಗಿಸಿ ಬಂದ ಮೇಲೆ ಕಿವೀಲಿ ಗುಂಯ್ ಅಂತಿದ್ರೆ ಕೆಲವು ದಿನ ಇಯರ್‌ಫೋನ್ ಬಿಡಿ, ಹೋಗದಿದ್ರೆ ತೋರಿಸಿ. ಕೆರೆದಡ ಅವರೇ, ನೀವು ನಡೆಯೋ ಕೆರೆ ಪಕ್ಕದ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥಾ ಅನುಕೂಲ ಬೇರೆ ಊರಿನೋರಿಗಿಲ್ಲ, ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ.

ಸ್ಯಾನ್ಸಾ ಕ್ಲಿಪ್ ಬಗ್ಗೆ ಇನ್ನೊಂದು ಗುಟ್ಟು. ಹಳೇ ಮಾಡೆಲ್‌ಗಳಲ್ಲಿ ಮೊದಲ ಸಲ ಆನ್ ಮಾಡಿದಾಗ ಪ್ರದೇಶ ಯಾವುದು ಅಂತ ಕೇಳುತ್ತೆ. ಯುರೋಪ್ ಅಂತ ಕೊಟ್ರೆ ಅಲ್ಲಿನ ಕಾನೂನಿನ ಪ್ರಕಾರ ವಾಲ್ಯೂಮ್ ಒಂದು ಮಿತಿ ದಾಟಲ್ಲ. ಎಲ್ಲಾ ಕಡೆ ಜನ ಅದನ್ನ ತೆಗೆಯೋ ಉಪಾಯ ಹೇಳ್ಕೊಡ್ತಾರೆ. ನಾನು ಹೇಳೋದು ಬೇಕಂತಲೇ ಯುರೋಪ್ ಅಂತ ಕೊಡಿ, ಮಕ್ಕಳ ಕೈಗೆ ಕೊಡೋದಾದ್ರಂತೂ ಕಡ್ಡಾಯ.

ಎಲುಬಿನ ಮೂಲಕ ಕೇಳಿಸೋ ಬೋನ್ ಕಂಡಕ್ಷನ್ ಹೆಡ್‌ಫೋನ್ ಬಗ್ಗೆ ಯಾರಾದ್ರೂ ಕೇಳೇ ಕೇಳ್ತೀರಿ. ಕಿವಿ ತೆರೆದಿರುತ್ತೆ, ಹಾರನ್ ಕೇಳ್ಸುತ್ತೆ, ರಸ್ತೆಗೆ ಒಳ್ಳೇದೇ. ಆದ್ರೆ ಕಿವಿಗೆ ಹಾನಿಯೇ ಇಲ್ಲ ಅನ್ನೋದು ಸುಳ್ಳು. ದಾರಿ ಬೇರೆ ಇರಬಹುದು, ಕಂಪನ ಹೋಗಿ ಸೇರೋದು ಅದೇ ಒಳಗಿವಿಗೆ.

ಮಲೆನಾಡಿನೋರು, ಕರಾವಳಿಯೋರು ಮಳೆಗಾಲದಲ್ಲಿ ಬೆವರಿದ ರಬ್ಬರ್ ಬಿರಡೆಗಳನ್ನ ಹಾಗೇ ಡಬ್ಬಿಗೆ ಹಾಕಿಡಬೇಡಿ. ಒರೆಸಿ ಒಣಗಿಸಿ. ಕಿವಿ ತುರಿಕೆ ಅಂತ ಬರೋರಲ್ಲಿ ಫಂಗಸ್ ಆದೋರು ತುಂಬಾ ಇರ್ತಾರೆ. ಒಬ್ಬರ ಇಯರ್‌ಫೋನ್ ಇನ್ನೊಬ್ಬರು ಹಾಕ್ಕೊಳ್ಳೋದಂತೂ ಬೇಡ, ಗಂಡ ಹೆಂಡತಿ ಆದ್ರೂ.

ಹಿಮದೂರಿನವಳು, ಮಿನಿಯಾಪೊಲಿಸ್

ನಾನು ಈಗಲೂ ಕ್ಲಿಪ್ ಪ್ಲೇಯರ್ ಬಳಸೋಳು, ಕಾರಣ ಚಳಿ. ಇಲ್ಲಿ ಜನವರಿ ಅಂದ್ರೆ ಮೈನಸ್ 15 ಡಿಗ್ರಿ ಮಾಮೂಲು. ಉಣ್ಣೆ ಗ್ಲೌಸ್ ಹಾಕಿದ ಬೆರಳಿಗೆ ಫೋನ್ ಸ್ಕ್ರೀನ್ ಸ್ಪಂದಿಸಲ್ಲ, ಗ್ಲೌಸ್ ತೆಗೆದ್ರೆ ಬೆರಳು ಸೆಟೆದುಕೊಳ್ಳುತ್ತೆ. ಬಟನ್ ಆದ್ರೆ ಜಾಕೆಟ್ ಬಟ್ಟೆ ಮೇಲಿಂದಲೇ ಒತ್ತಬಹುದು. ಪ್ಲೇಯರನ್ನ ಹೊರಗೆ ಸಿಕ್ಕಿಸ್ಕೋಬೇಡಿ, ಲಿಥಿಯಂ ಬ್ಯಾಟರಿ ಚಳಿಗೆ ಬೇಗ ಕೈ ಕೊಡುತ್ತೆ. ಒಳಗಿನ ಅಂಗಿಗೆ ಸಿಕ್ಕಿಸಿದ್ರೆ ಮೈ ಬಿಸಿಗೆ ಸರಿಯಾಗಿರುತ್ತೆ. ತೀರಾ ಹಿಮ ಬಿದ್ದ ದಿನ ಡೌನ್‌ಟೌನಿನ ಸ್ಕೈವೇ ಒಳಗೆ ನಡೀತೀನಿ, ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ ಇರುತ್ತಲ್ಲ, ಅಲ್ಲಿ.

ಕನ್ನಡ ಹೆಸರು ನನ್ನದರಲ್ಲೂ ಬರೀ ಚೌಕ ಚೌಕ. ದಾಸರ ಪದ ಯಾವುದು, ವಚನ ಯಾವುದು ಗೊತ್ತಾಗಲ್ಲ. ಏನಾದ್ರೂ ಪರಿಹಾರ ಇದೆಯಾ ಸ್ವಾಮಿಯವರೇ?

ಸರ್ಕ್ಯೂಟ್ ಸ್ವಾಮಿ

ಪೂರ್ತಿ ಪರಿಹಾರ ಇಲ್ಲ ಮೇಡಂ. ಕನ್ನಡದ ಫಾಂಟ್ ತುಂಬಿದ್ರೂ ಸಾಲಲ್ಲ, ಗುಣಿತ, ಒತ್ತಕ್ಷರ ಎಲ್ಲಾ ಕೂಡಿಸಿ ಕೂರಿಸೋ ತಂತ್ರಾಂಶ ಬೇಕು. ಈ ಪುಟ್ಟ ಚಿಪ್‌ಗಳಲ್ಲಿ ಅದನ್ನ ಯಾರೂ ಹಾಕಿರಲ್ಲ. ಎಂಪಿ3ಟ್ಯಾಗ್ ಅನ್ನೋ ಪ್ರೋಗ್ರಾಮಲ್ಲಿ ಎಲ್ಲಾ ಹಾಡುಗಳ ಹೆಸರನ್ನ ಇಂಗ್ಲಿಷ್ ಅಕ್ಷರಕ್ಕೆ ಒಟ್ಟಿಗೆ ಬದಲಾಯಿಸಿ. ಫೈಲಿನ ಹೆಸರು ಬದಲಾಯಿಸಿದ್ರೆ ಸಾಲಲ್ಲ, ಒಳಗಿರೋ ಟ್ಯಾಗ್, ಅಂದ್ರೆ ಫೈಲಿನೊಳಗೇ ಬರೆದಿರೋ ಹಾಡಿನ ವಿವರ ಬದಲಾಗಬೇಕು, ಬಹಳಷ್ಟು ಪ್ಲೇಯರ್ ಅದನ್ನೇ ಓದೋದು. ನಾನಂತೂ ಸ್ಕ್ರೀನ್ ನೋಡೋದೇ ಬಿಟ್ಟಿದ್ದೀನಿ. ಫೋಲ್ಡರಿನ ಮೊದಲ ಫೈಲಾಗಿ ನನ್ನದೇ ದನೀಲಿ ‘ಇವು ದಾಸರ ಪದಗಳು’ ಅಂತ ಎರಡು ಸೆಕೆಂಡ್ ರೆಕಾರ್ಡ್ ಮಾಡಿ ಹಾಕಿದ್ದೀನಿ. ಹೆಂಡತಿ ನಗ್ತಾಳೆ, ಕೆಲಸ ಆಗುತ್ತೆ.

ಕೆರೆದಡ

ಆ ಉಪಾಯ ನಾನೂ ಮಾಡ್ತೀನಿ. ಕ್ಲಿಪ್ ಜ್ಯಾಮ್ ಒಂದು ಆರ್ಡರ್ ಮಾಡಿದೆ. ಮನೇಲಿರೋ ಮೈಕ್ ಇರೋ ಇಯರ್‌ಫೋನೇ ಸಾಕಾ? ಓಡುವಾಗ ವೈರ್ ಬಟ್ಟೆಗೆ ಉಜ್ಜಿ ಡಬ್ ಡಬ್ ಅನ್ನುತ್ತೆ, ಅದಕ್ಕೇನು ಮಾಡೋದು?

ಸರ್ಕ್ಯೂಟ್ ಸ್ವಾಮಿ

ಮೈಕ್ ಇಲ್ಲದ್ದು ತಗೊಳ್ಳಿ. ಬೆವರು ಆ ಮೈಕಿನ ಬಟನ್ ಒಳಗೆ ಇಳಿದ್ರೆ ಯಾರೋ ಒತ್ತಿದ ಹಾಗೇ ಆಗುತ್ತೆ. ಫೋನಿಗೆ ಹಾಕಿದಾಗ ಹಾಡು ತಾನಾಗೇ ನಿಲ್ಲೋದು, ಹಾರೋದು, ಯಾರಿಗೋ ಕರೆ ಹೋಗೋದು ಎಲ್ಲಾ ಇದರಿಂದಲೇ. ಡಬ್ ಡಬ್ ಸದ್ದಿಗೆ ವೈರನ್ನ ಕಿವಿ ಮೇಲಿಂದ ಸುತ್ತಿ ಹಿಂದಕ್ಕೆ ಬಿಡಿ, ಅಂಗಿ ಒಳಗಿಂದ ತಂದು ಪ್ಲೇಯರನ್ನ ಕುತ್ತಿಗೆಪಟ್ಟಿ ಹತ್ತಿರ ಸಿಕ್ಕಿಸಿ. ವೈರ್ ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು.

ಬಳಸದೆ ತಿಂಗಳುಗಟ್ಟಲೆ ಇಡೋದಾದ್ರೆ ಬ್ಯಾಟರಿ ಅರ್ಧ ತುಂಬಿಸಿ ಇಡಿ. ಪೂರ್ತಿ ಖಾಲಿ ಮಾಡಿ ಮರೆತುಬಿಟ್ರೆ ಮತ್ತೆ ಏಳದೇ ಇರಬಹುದು, ಎದ್ರೂ ಮೊದಲಿನಷ್ಟು ಹೊತ್ತು ಬರಲ್ಲ. ನಿಮ್ಮ ಶಫಲ್‌ಗೆ ಬಹುಶಃ ಆಗಿರೋದು ಅದೇ.

ಕಡಲತಡಿ

ಸ್ವಾಮಿಯವರೆ, ಫೈಲು ಸರಿಹೋಯಿತು. ಇನ್ನೊಂದು ಕೇಳುವುದುಂಟು. ನನ್ನ ಮಗ ಈಜುಕೊಳಕ್ಕೆ ಹೋಗುತ್ತಾನೆ. ಬ್ಲೂಟೂತ್ ಇಯರ್‌ಬಡ್‌ಗೆ ಐಪಿಎಕ್ಸ್7 ಅಂತ ಬರೆದಿದೆ, ಹಾಕಿಕೊಂಡು ಈಜಬಹುದಾ ಅಂತ ಕೇಳುತ್ತಾನೆ.

ಸರ್ಕ್ಯೂಟ್ ಸ್ವಾಮಿ

ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಸುಮ್ಮನೆ ಮುಳುಗಿಸಿಟ್ರೆ ತಡೆಯುತ್ತೆ ಅಂತ. ಕೈಕಾಲು ಬಡಿದು ಈಜೋ ಒತ್ತಡ ಬೇರೆ. ಅದಿರ್ಲಿ, ಬ್ಲೂಟೂತ್ ಅಲೆ 2.4 ಗಿಗಾಹರ್ಟ್ಸ್, ನೀರು ಅದನ್ನ ಹೀರಿಬಿಡುತ್ತೆ. ತಲೆ ಮುಳುಗಿದ ಕೂಡ್ಲೇ ಹಾಡು ನಿಲ್ಲುತ್ತೆ. ಹಾಡು ಒಳಗೇ ತುಂಬಿರೋ ಪ್ಲೇಯರ್ ಬೇಕು. ಸೋನಿ ವಾಕ್‌ಮನ್ ಎನ್‌ಡಬ್ಲ್ಯೂ-ಡಬ್ಲ್ಯೂಎಸ್413 ಅಂಥದ್ದು, 4 ಜಿಬಿ, ಉಪ್ಪುನೀರಿಗೂ ನಡೆಯುತ್ತೆ, ಹಾಗಾಗಿ ನಿಮ್ಮ ಸಮುದ್ರಕ್ಕೂ ಆಯ್ತು. ಈಜಿದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಬೇಕು. 1979ರ ಜುಲೈನಲ್ಲಿ ಜಪಾನಲ್ಲಿ ಕ್ಯಾಸೆಟ್ ಹಾಕಿ ಸೊಂಟಕ್ಕೆ ಕಟ್ಕೊಂಡು ಶುರುವಾದ ವಾಕ್‌ಮನ್ ಹೆಸರು ಈಗ ನೀರೊಳಗೂ ಇಳಿದಿದೆ.

ಖಾಕಿ ಕನಸು

ಸ್ವಾಮಿ ಸರ್, ನಮ್ಮ ಊರ ಸಂತ್ಯಾಗ 64 ಜಿಬಿ ಕಾರ್ಡ್ ಭಾಳ ಸ್ವಸ್ತ ಕೊಡಾಕತ್ತಾರ. ತಗೊಳ್ಳೇನು?

ಸರ್ಕ್ಯೂಟ್ ಸ್ವಾಮಿ

ಬೇಡಪ್ಪಾ. ಅಂಥಾ ಕಾರ್ಡು ಕಂಪ್ಯೂಟರಿಗೆ 64 ಅಂತ ತೋರಿಸಿ ಒಳಗೆ 8 ಜಿಬಿ ಮಾತ್ರ ಇರಬಹುದು. ತುಂಬಿದ ಹಾಡು ಅರ್ಧಕ್ಕೆ ಕಿರ್ ಅಂತ ನಿಲ್ಲುತ್ತೆ. ಈಗಾಗ್ಲೇ ತಗೊಂಡಿದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪ್ರೋಗ್ರಾಂ ಹಾಕಿ ಪೂರ್ತಿ ಬರೆದು ಓದಿಸಿ ನೋಡು, ಬಣ್ಣ ಬಯಲಾಗುತ್ತೆ. ಬಹಳಷ್ಟು ಪುಟ್ಟ ಪ್ಲೇಯರ್ 32 ಜಿಬಿಗಿಂತ ದೊಡ್ಡದನ್ನ ಓದೋದೂ ಇಲ್ಲ. ನಿನಗೆ 8 ಜಿಬಿ ಒಳ್ಳೇ ಕಾರ್ಡ್ ಸಾಕು, ಪರಿಚಯದ ಅಂಗಡೀಲಿ ಬಿಲ್ ಸಮೇತ ತಗೋ. ಮಿಕ್ಕ ದುಡ್ಡಿಗೆ ಬಾಳೆಹಣ್ಣು ತಿನ್ನು.